ಹಿಂಬದಿಯ ಜರ್ಮನ್ ಸೈನಿಕ ಏನು ತೊಡುತ್ತಿದ್ದ? ನಾಟಕದ ಉಡುಪಿಗಾಗಿ ಕೇಳುತ್ತಿದ್ದೇನೆ

ಸೂಜಿದಾರ | ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡವಿದೆ. ಈ ಸಲದ ನಾಟಕವನ್ನು ನಾವೇ ಬರೆದುಕೊಂಡಿದ್ದೇವೆ. 1942ರ ಡಿಸೆಂಬರ್ ತಿಂಗಳು, ಜರ್ಮನರು ಆಕ್ರಮಿಸಿಕೊಂಡಿದ್ದ ಬೆಲರೂಸಿನ ಓರ್ಷಾ ರೈಲು ಜಂಕ್ಷನ್. ಮುಖ್ಯ ಪಾತ್ರ ನಲವತ್ತಮೂರು ವರ್ಷದ ಒಬ್ಬ ಜರ್ಮನ್ ಕಾವಲುಗಾರ. ಊರಿನಲ್ಲಿದ್ದಾಗ ಬಡಗಿ. ಈ ಯುದ್ಧದಲ್ಲಿ ಅವನು ಮುಂಚೂಣಿಗೆ ಹೋದವನೇ ಅಲ್ಲ. ಹಳಿ, ನೀರಿನ ತೊಟ್ಟಿ, ಕಲ್ಲಿದ್ದಲಿನ ರಾಶಿ, ಇವಿಷ್ಟನ್ನು ಕಾಯುವುದೇ ಕೆಲಸ.

ಉಡುಪಿನ ಹೊಣೆ ನನ್ನದು. ಬಾಡಿಗೆ ಅಂಗಡಿಯಲ್ಲಿ ಜರ್ಮನ್ ಸೈನಿಕ ಎಂದು ಕೇಳಿದರೆ ಕಪ್ಪು ಕೋಟು, ಮೊಣಕಾಲಿನವರೆಗೆ ಮಿರಿಮಿರಿ ಮಿಂಚುವ ಬೂಟು, ಕೆಂಪು ತೋಳುಪಟ್ಟಿ ತೆಗೆದುಕೊಟ್ಟರು. ನಮ್ಮ ಪಾತ್ರಧಾರಿ ಅದನ್ನು ತೊಟ್ಟು ನಿಂತಾಗ ಬಡಗಿ ಎಲ್ಲೂ ಕಾಣಲಿಲ್ಲ. ಕಥೆಯಲ್ಲಿರುವ ಮನುಷ್ಯ ಆ ಬಟ್ಟೆಯೊಳಗೆ ಸೇರುವುದಿಲ್ಲ. ಅಂಥ ಕಾವಲುಗಾರನಿಗೆ ನಿಜವಾಗಿ ಏನು ಕೊಡುತ್ತಿದ್ದರು? ಅಂಗಿಯಿಂದ ಅಟ್ಟೆಯವರೆಗೆ ತಿಳಿದವರು ಹೇಳಿ. ಹೊಲಿಯಲು ಆರು ವಾರ ಸಮಯವಿದೆ.

ಒಂದಕ್ಕೆ ಮೂವತ್ತೈದು | ಸೋಮವಾರ, ರಾತ್ರಿ 9.52

ಅದು ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್‌ಎಸ್‌ನ ಕಪ್ಪು ಸಮವಸ್ತ್ರ, ಮೇಡಂ. ಯುದ್ಧ ಶುರುವಾಗುವ ಹೊತ್ತಿಗೆ ಅದರ ಬಳಕೆಯೇ ಕಡಿಮೆಯಾಗಿತ್ತು. ನಿಮ್ಮ ಬಡಗಿ ಭೂಸೇನೆಯವನು, ‘ಲಾಂಡೆಸ್‌ಶ್ಯೂಟ್ಸನ್’ ಎಂಬ ಕಾವಲು ಬೆಟಾಲಿಯನ್‌ಗೆ ಸೇರಿರುತ್ತಾನೆ. ಮುಂಚೂಣಿಗೆ ವಯಸ್ಸು ಮೀರಿದವರನ್ನು ಸೇರಿಸಿ ಕಟ್ಟಿದ ಪಡೆಗಳು ಅವು. ರೈಲು ಮಾರ್ಗ, ಸೇತುವೆ, ಮದ್ದುಗುಂಡಿನ ಉಗ್ರಾಣ, ಸೆರೆಯಾಳುಗಳ ಶಿಬಿರ ಎಲ್ಲದಕ್ಕೂ ಅವರೇ ಕಾವಲು. 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ ಹಿಂಬದಿಯನ್ನು ಹಿಡಿದಿಡಲೆಂದೇ ಒಂಬತ್ತು ‘ಭದ್ರತಾ ಡಿವಿಷನ್’ಗಳನ್ನು ಕಟ್ಟಿದ್ದರು. ಅವುಗಳಲ್ಲೂ ಇಂಥ ಬೆಟಾಲಿಯನ್‌ಗಳಿದ್ದವು.

ನಾನು 1:35 ಅಳತೆಯ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುವವನು. ಹದಿನೈದು ವರ್ಷಗಳಿಂದ ಇದೇ ಹುಚ್ಚು. ಒಂದೊಂದಾಗಿ ಹೇಳುತ್ತೇನೆ.

ಕೋಟು: ಡಿಸೆಂಬರ್ ಆದ್ದರಿಂದ ಪ್ರೇಕ್ಷಕರ ಕಣ್ಣಿಗೆ ಬೀಳುವುದು ದೊಡ್ಡ ಓವರ್‌ಕೋಟು. ಎರಡು ಸಾಲು, ಸಾಲಿಗೆ ಆರು ಗುಂಡಿ. ಬೆನ್ನಿನ ಮೇಲೆ ಗುಂಡಿ ಹಾಕಿದ ಅರ್ಧಪಟ್ಟಿ. ಯುದ್ಧಪೂರ್ವದ ಕೋಟಾದರೆ ಕಾಲರ್ ಕಡುಹಸಿರು, 1940ರ ನಂತರದ್ದಾದರೆ ಕಾಲರ್‌ಗೂ ಮೈಬಣ್ಣವೇ. ನಿಮ್ಮವನಿಗೆ ಹಳೆಯ ಹಸಿರು ಕಾಲರಿನದು, ಕತ್ತು ಉಜ್ಜಿ ಉಜ್ಜಿ ಅಂಚು ನಯವಾದದ್ದು ಒಪ್ಪುತ್ತದೆ. ಗುಂಡಿಗಳು ಲೋಹದವು. ಮೇಲ್ಮೈ ರಾಗಿ ಕಾಳು ಅಂಟಿಸಿದ ಹಾಗೆ ಒರಟು, ಮೇಲೆ ಬೂದು ಬಣ್ಣ. ಹಿತ್ತಾಳೆಯ ಹೊಳೆಯುವ ಗುಂಡಿ ಬೇಡವೇ ಬೇಡ.

ಸೊಂಟಪಟ್ಟಿ: ಇಲ್ಲಿ ಹಿಂಬದಿಯವನ ಗುರುತು ಸಿಗುತ್ತದೆ. ಮುಂಚೂಣಿಯ ಬಂದೂಕುಧಾರಿಗೆ ಹೊಟ್ಟೆಯ ಎಡಬಲಕ್ಕೆ ಎರಡು ತೋಟಾ ಚೀಲ. ಒಂದೊಂದರಲ್ಲಿ ಮೂರು ಗೂಡು, ಗೂಡಿಗೆ ಹತ್ತು ತೋಟಾ, ಒಟ್ಟು 60. ಹಿಂಬದಿಯವನಿಗೆ ಸಾಮಾನ್ಯವಾಗಿ ಒಂದೇ ಚೀಲ, 30 ತೋಟಾ. ಹೆಗಲಿನಿಂದ ಸೊಂಟಪಟ್ಟಿಗೆ ಇಳಿಯುವ ಚರ್ಮದ ವೈ ಆಕಾರದ ಪಟ್ಟಿಯನ್ನು ಅವನಿಗೆ ಹಾಕಬೇಡಿ. ಅದು ಮೊದಲು ಕಾಲಾಳುಗಳಿಗೆ ಸಲ್ಲುತ್ತಿತ್ತು.

ಬಂದೂಕು: ಜರ್ಮನ್ ಬಂದೂಕೇ ಆಗಬೇಕೆಂದಿಲ್ಲ. ಚೆಕ್, ಫ್ರೆಂಚ್, ಬೆಲ್ಜಿಯನ್, ನಾರ್ವೇಜಿಯನ್, ಪೋಲಿಷ್ ಹೀಗೆ ಗೆದ್ದ ದೇಶಗಳ ಬಂದೂಕುಗಳನ್ನೆಲ್ಲ ಪಟ್ಟಿ ಮಾಡಿ, ಹೆಸರಿನ ಕೊನೆಗೆ ಆ ದೇಶದ ಮೊದಲಕ್ಷರ ಸೇರಿಸಿ, ಇಂಥ ಪಡೆಗಳಿಗೆ ಹಂಚಿದ್ದರು. ಚೆಕ್ ಬಂದೂಕಾದರೆ ಜರ್ಮನ್ ತೋಟಾವನ್ನೇ ನುಂಗುತ್ತದೆ. ಫ್ರೆಂಚ್ ಬಂದೂಕಿಗೆ ಅದರದೇ ತೋಟಾ ಬೇಕು. ಅವನ ತಲೆಯ ಮೇಲೆ ಮೊದಲನೆಯ ಮಹಾಯುದ್ಧದ ಹಳೆಯ ಉಕ್ಕಿನ ಹೆಲ್ಮೆಟ್ ಇದ್ದರೂ ತಪ್ಪಲ್ಲ.

ಕಪ್ಪುಹಲಗೆ | ಸೋಮವಾರ, ರಾತ್ರಿ 10.30

ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಓರ್ಷಾವನ್ನು ಆರಿಸಿಕೊಂಡಿರುವುದು ಬಹಳ ಸರಿಯಾಗಿದೆ. ಅಲ್ಲಿನ ಇಂಜಿನ್ ಡಿಪೋದಲ್ಲಿ ಕೆಲಸ ಮಾಡುತ್ತಲೇ ಕೊನ್ಸ್ತಾಂತಿನ್ ಜಾಸ್ಲೊನೊವ್ ಎಂಬ ರೈಲ್ವೆಯವನು ಗುಪ್ತ ಗುಂಪು ಕಟ್ಟಿದ್ದ. ಸ್ಫೋಟಕಕ್ಕೆ ಕಲ್ಲಿದ್ದಲಿನ ತುಂಡಿನ ರೂಪ ಕೊಟ್ಟು ರಾಶಿಯಲ್ಲಿ ಬೆರೆಸುತ್ತಿದ್ದರು. ಅದು ಇಂಜಿನ್ನಿನ ಒಲೆಗೆ ಹೋದ ಮೇಲೆ ಸಿಡಿಯುತ್ತಿತ್ತು. ಅವನು ಆಮೇಲೆ ಪಾರ್ಟಿಸಾನ್ ಎಂಬ ಗೆರಿಲ್ಲಾ ಪಡೆ ಸೇರಿ 1942ರ ನವೆಂಬರಿನಲ್ಲಿ ಹೋರಾಡುತ್ತ ಸತ್ತ. ನಿಮ್ಮ ಬಡಗಿ ಕಲ್ಲಿದ್ದಲಿನ ರಾಶಿಗೆ ಹೆದರುವುದು ಅಸಹಜವೇನಲ್ಲ.

ವಯಸ್ಸಿನ ಲೆಕ್ಕವನ್ನೂ ನೋಡಿ. 1942ರಲ್ಲಿ ನಲವತ್ತಮೂರು ಎಂದರೆ 1918ರಲ್ಲಿ ಹತ್ತೊಂಬತ್ತು. ಇವನು ಹಿಂದಿನ ಯುದ್ಧದಲ್ಲಿ ಆಗಲೇ ಒಮ್ಮೆ ಸಮವಸ್ತ್ರ ತೊಟ್ಟು ಕಳಚಿದವನು. ತಲೆಯ ಮೇಲಿನ ಹೆಲ್ಮೆಟ್ಟೂ ಆ ಕಾಲದ್ದೇ ಆದರೆ ಆ ಭಾರ ಅವನ ಕತ್ತಿಗೆ ನೆನಪಿರುತ್ತದೆ.

ಹಳೆಯ ಉಗ್ರಾಣ | ಮಂಗಳವಾರ, ಬೆಳಿಗ್ಗೆ 6.05

ಭಾರತೀಯ ಸೇನೆಯ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದು ಹವಾಲ್ದಾರನಾಗಿ ನಿವೃತ್ತನಾದವನು ನಾನು. ಯಾವ ದೇಶದ ಸೇನೆಯಾದರೂ ಉಗ್ರಾಣದ ಬುದ್ಧಿ ಒಂದೇ: ಒಳ್ಳೆಯದು ಮುಂದಕ್ಕೆ, ಸವೆದದ್ದು ಹಿಂದಕ್ಕೆ.

ಜರ್ಮನರು ಇದನ್ನು ದರ್ಜೆ ಮಾಡಿಯೇ ಇಟ್ಟಿದ್ದರು. ಒಂದನೆಯ ದರ್ಜೆಯ ಜೊತೆ ಮೆರವಣಿಗೆಗೆ. ಅಲ್ಲಿಂದ ಕೆಳಗಿಳಿಯುತ್ತ ಕೊನೆಯ ದರ್ಜೆ ಲಾಯ ಬಳಿಯುವುದಕ್ಕೆ, ತರಬೇತಿಗೆ. ಯುದ್ಧ ಮುಂದುವರಿದಂತೆ ಗಾಯಾಳುಗಳ ಮತ್ತು ಸತ್ತವರ ಬಟ್ಟೆಯನ್ನು ಒಗೆದು, ಹರಿದಲ್ಲಿ ಹೊಲಿದು ಮತ್ತೆ ವಿತರಿಸುವ ರಿಪೇರಿ ಶಾಲೆಗಳೇ ನಡೆಯುತ್ತಿದ್ದವು. ಸೂಜಿದಾರ ಮೇಡಂ, ಆ ಓವರ್‌ಕೋಟಿಗೆ ಒಂದು ಕಡೆ ರಫು ಮಾಡಿಸಿ, ಹರಿದದ್ದನ್ನು ನೂಲಿನಿಂದ ಸೇರಿಸಿದ ಗುರುತು ಕಾಣಲಿ. ಏಕೆ ಹರಿದಿತ್ತು ಎಂದು ನಾಟಕದಲ್ಲಿ ಯಾರೂ ಹೇಳಬೇಕಾಗಿಲ್ಲ.

ಪ್ರತಿ ಸೈನಿಕನ ಎದೆಯ ಜೇಬಿನಲ್ಲಿ ‘ಸೋಲ್ಡ್‌ಬುಖ್’ ಎಂಬ ಪುಟ್ಟ ಪುಸ್ತಕ ಇರುತ್ತಿತ್ತು. ಹೆಸರಿಗೆ ಸಂಬಳದ ಪುಸ್ತಕ. ಆದರೆ ಅದರಲ್ಲಿ ಕೊಟ್ಟ ಕೋಟು, ಪ್ಯಾಂಟು, ಬೂಟು, ಕಂಬಳಿ, ಬಂದೂಕಿನ ನಂಬರು ಎಲ್ಲವನ್ನೂ ಬರೆಯುವ ಹಾಳೆಗಳಿದ್ದವು. ಬೇರೆ ಘಟಕಕ್ಕೆ ಹೋದರೆ ಅಲ್ಲಿನ ಉಗ್ರಾಣದವನು ಅದನ್ನು ತೆರೆದು ಸಾಮಾನು ತಾಳೆ ನೋಡುತ್ತಿದ್ದ. ರಂಗದ ಮೇಲೆ ಒಂದು ಜೊತೆ ಕಾಲುಬಟ್ಟೆ ಕಳೆದುಹೋದದ್ದಕ್ಕೆ ಇವನು ಆ ಪುಸ್ತಕ ತೆಗೆದು ನೋಡುವ ದೃಶ್ಯ ಇಡಬಹುದು. ನನ್ನ ಕೌಂಟರಿನ ಮುಂದೆ ಹಾಗೆ ನಿಂತ ಎಷ್ಟೋ ಹುಡುಗರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸೂಜಿದಾರ | ಮಂಗಳವಾರ, ಬೆಳಿಗ್ಗೆ 11.20

ಉಗ್ರಾಣದ ಸರ್, ನಿಮ್ಮ ಮಾತನ್ನು ನಿರ್ದೇಶಕರಿಗೆ ಓದಿ ಹೇಳಿದೆ. ರಫು ಮಾಡಿಸುವುದು ಖಂಡಿತ. ಕಾಲುಬಟ್ಟೆ ಎಂದಿರಲ್ಲ, ಕಾಲುಚೀಲ ಇರಲಿಲ್ಲವೇ?

ಇನ್ನೊಂದು ಪ್ರಶ್ನೆ. ಹುಡುಕುತ್ತಿದ್ದಾಗ ಜರ್ಮನ್ ಸಮವಸ್ತ್ರದಲ್ಲಿ ರುಮಾಲು ಸುತ್ತಿದ ಭಾರತೀಯ ಸೈನಿಕರ ಚಿತ್ರವೊಂದು ಸಿಕ್ಕಿತು. ಅದು ನಿಜವಾದ ಚಿತ್ರವೇ?

ಒಂದಕ್ಕೆ ಮೂವತ್ತೈದು | ಮಂಗಳವಾರ, ಮಧ್ಯಾಹ್ನ 1.15

ಕಾಲುಚೀಲವೂ ಇತ್ತು, ಕಾಲುಬಟ್ಟೆಯೂ ಇತ್ತು. ಬೂಟಿನೊಳಗೆ ಕಾಲುಬಟ್ಟೆಯೇ ಬಹಳ ಜನರ ಆಯ್ಕೆ. ಸುಮಾರು 40 ಸೆಂಟಿಮೀಟರಿನ ಚೌಕ. ಬಟ್ಟೆಯನ್ನು ನೆಲದ ಮೇಲೆ ಹರಡಿ, ಒಂದು ಮೂಲೆ ಬೆರಳುಗಳ ಮುಂದೆ ಬರುವಂತೆ ಪಾದ ಇಡಬೇಕು. ಆ ಮೂಲೆಯನ್ನು ಬೆರಳಿನ ಮೇಲಕ್ಕೆ ಮಡಚಿ, ಒಂದು ಬದಿಯನ್ನು ಬಿಗಿಯಾಗಿ ಎಳೆದು ಪಾದದ ಮೇಲೆ ಹಾಕಿ, ಇನ್ನೊಂದು ಬದಿಯನ್ನು ಅದರ ಮೇಲೆ ಸುತ್ತಿ ಹಿಮ್ಮಡಿಯ ಮೇಲಕ್ಕೆ ತರಬೇಕು. ಹಿಡಿತ ಸಡಿಲಿಸದೆ ಕಾಲನ್ನು ಬೂಟಿಗೆ ತೂರಿಸಬೇಕು. ಒಂದು ಸುಕ್ಕು ಉಳಿದರೂ ನಾಲ್ಕು ಮೈಲಿಗೆ ಬೊಕ್ಕೆ ಏಳುತ್ತದೆ. ನಾನು ಹಳೆಯ ಪಂಚೆ ಕತ್ತರಿಸಿ ಮನೆಯಲ್ಲಿ ಪ್ರಯತ್ನಿಸಿದೆ. ಮೂರನೆಯ ದಿನಕ್ಕೆ ಕೈಗೆ ಬಂತು. ಒದ್ದೆಯಾದರೆ ತಿರುಗಿಸಿ ಒಣ ಭಾಗ ಬೆರಳಿಗೆ ಬರುವಂತೆ ಸುತ್ತಬಹುದು. ಕಾಲುಚೀಲದಲ್ಲಿ ಆ ಅನುಕೂಲವಿಲ್ಲ.

ಬೂಟಿನ ವಿಷಯ. ಉದ್ದ ಕೊಳವೆಯ ಬೂಟಿಗೆ ಜರ್ಮನ್ ಸೈನಿಕರು ‘ದಾಳ ಕುಲುಕುವ ಲೋಟ’ ಎಂದು ಅಡ್ಡಹೆಸರು ಇಟ್ಟಿದ್ದರು. ಅಟ್ಟೆಗೆ 35ರಿಂದ 45 ಮೊಳೆ, ಹಿಮ್ಮಡಿಗೆ ಕಬ್ಬಿಣದ ಲಾಳ. ಚರ್ಮ ಸಾಲದೆ ಯುದ್ಧ ಕಾಲದಲ್ಲಿ ಕೊಳವೆಯನ್ನು ಗಿಡ್ಡ ಮಾಡಿದರು. ಆಮೇಲೆ ಉದ್ದ ಬೂಟು ಮುಖ್ಯವಾಗಿ ಕಾಲಾಳು ಮುಂತಾದ ಹೋರಾಟದ ಪಡೆಗಳಿಗೆ ಎಂದಾಯಿತು. ಉಳಿದವರಿಗೆ ಲೇಸು ಕಟ್ಟುವ ಗಿಡ್ಡ ಬೂಟು, ಮೇಲೆ ಕ್ಯಾನ್ವಾಸಿನ ಗೇಟರ್, ಅಂದರೆ ಕಣಕಾಲಿಗೆ ಸುತ್ತುವ ಪಟ್ಟಿ. ಆ ಗೇಟರ್‌ಗಳಿಗೆ ‘ಹಿಮ್ಮೆಟ್ಟುವ ಗೇಟರ್’ ಎಂಬ ಹೆಸರೂ ಬಿತ್ತು.

ಇಲ್ಲಿ ನಿಮಗೊಂದು ವಿಶೇಷ ಇದೆ. ಚಳಿಗಾಲದ ಕಾವಲಿನವನಿಗೆ ಹುಲ್ಲಿನಿಂದ ಹೆಣೆದ ದೊಡ್ಡ ಮೇಲ್ಜೋಡು ಕೊಡುತ್ತಿದ್ದರು. ಬೂಟು ಹಾಕಿದ ಕಾಲನ್ನೇ ಅದರೊಳಗೆ ಇಳಿಸಿ ನಿಲ್ಲುವುದು. ಉಣ್ಣೆ ಒತ್ತಿ ಮಾಡಿದ ದಪ್ಪ ಫೆಲ್ಟಿಗೆ ಮರದ ಅಟ್ಟೆ ಹಾಕಿದವೂ ಇದ್ದವು. ಮೊಳೆ ಬಡಿದ ಬೂಟಿನ ಮೂಲಕ ಹಿಮದ ಚಳಿ ನೇರವಾಗಿ ಅಂಗಾಲಿಗೆ ಏರುತ್ತಿದ್ದುದರಿಂದ ಇದು ಬೇಕೇ ಬೇಕಾಗಿತ್ತು. ಅವುಗಳನ್ನು ತೊಟ್ಟು ನಿಲ್ಲಬಹುದು, ಓಡಲಾಗುವುದಿಲ್ಲ.

ಸೂಜಿದಾರ | ಮಂಗಳವಾರ, ಮಧ್ಯಾಹ್ನ 1.40

ನಿಲ್ಲಬಹುದು, ಓಡಲಾಗುವುದಿಲ್ಲ! ನಮ್ಮ ಎರಡನೆಯ ಅಂಕ ನಿಂತಿರುವುದೇ ಅದರ ಮೇಲೆ. ಅವನು ಓಡಬೇಕಾದ ಜಾಗವೊಂದಿದೆ. ಹುಲ್ಲಿನ ಜೋಡು ನಾನೇ ಹೆಣೆಸುತ್ತೇನೆ. ಚಾಪೆ ಹೆಣೆಯುವವರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ.

ಸ್ಪ್ರೇ ದಂಡೆ | ಮಂಗಳವಾರ, ಸಂಜೆ 5.30

ಬರ್ಲಿನ್ನಿನಿಂದ ಬರೆಯುತ್ತಿದ್ದೇನೆ. ರುಮಾಲಿನ ಚಿತ್ರ ನಿಜವಾದದ್ದೇ ಇರಬೇಕು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಬ್ರಿಟಿಷ್ ಭಾರತೀಯ ಸೈನಿಕರಿಂದ ಕಟ್ಟಿದ ‘ಆಜಾದ್ ಹಿಂದ್’ ಲೀಜನ್ ಅದು. ಜರ್ಮನ್ ಸೇನೆಯ ಲೆಕ್ಕದಲ್ಲಿ 950ನೆಯ ಕಾಲಾಳು ರೆಜಿಮೆಂಟ್. ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿದ್ದಾಗ ಶುರುವಾದದ್ದು. ಸಮವಸ್ತ್ರ ಜರ್ಮನರದು, ಬಲತೋಳಿನ ಮೇಲೆ ಕೇಸರಿ, ಬಿಳಿ, ಹಸಿರು ಪಟ್ಟೆಯಲ್ಲಿ ನೆಗೆಯುವ ಹುಲಿ, ಮೇಲೆ ‘ಫ್ರೈಯೆಸ್ ಇಂಡಿಯೆನ್’ (ಸ್ವತಂತ್ರ ಭಾರತ) ಎಂಬ ಅಕ್ಷರ. ಸಿಖ್ಖರು ರುಮಾಲನ್ನೇ ಸುತ್ತುತ್ತಿದ್ದರು. 1943ರಲ್ಲಿ ನೆದರ್‌ಲೆಂಡ್ಸ್ ಕಡಲತೀರ, ಆಮೇಲೆ ಫ್ರಾನ್ಸಿನ ಬೋರ್ಡೊ ಹತ್ತಿರದ ಲಕಾನೊ, ಹೀಗೆ ತೀರ ಕಾಯುವ ಕೆಲಸ. 1944ರ ಫೆಬ್ರವರಿಯಲ್ಲಿ ಜರ್ಮನ್ ಸೇನಾಧಿಪತಿ ರೊಮೆಲ್ ಈ ಸೈನಿಕರನ್ನು ಪರಿಶೀಲಿಸಿದ ಚಿತ್ರಗಳಿವೆ. ಒಂದು ಅರ್ಥದಲ್ಲಿ ಅವರೂ ಹಿಂಬದಿಯವರೇ. ಆದರೆ ಅವರು ಓರ್ಷಾದಲ್ಲಿರಲಿಲ್ಲ. ನಿಮ್ಮ ನಾಟಕಕ್ಕೆ ತರಬೇಡಿ.

ನಾನು ಬರೆಯಲು ಹೊರಟದ್ದು ಬೂಟಿನ ಬಗ್ಗೆ. ಬರ್ಲಿನ್ನಿನ ಉತ್ತರಕ್ಕೆ ಓರಾನಿಯನ್‌ಬುರ್ಗ್ ಇದೆ, ಅಲ್ಲಿ ಜಾಕ್ಸನ್‌ಹೌಸನ್ ಯಾತನಾ ಶಿಬಿರ. ಒಳಗೆ ಹೋದರೆ ಹಾಜರಿ ಮೈದಾನದ ಸುತ್ತ ಅರ್ಧವೃತ್ತವಾಗಿ ಒಂದು ದಾರಿ ಕಾಣುತ್ತದೆ. ತುಂಡು ತುಂಡಾಗಿ ಬೇರೆ ಬೇರೆ ನೆಲ: ಒಂದು ಕಡೆ ಕಾಂಕ್ರೀಟು, ಒಂದು ಕಡೆ ಜಲ್ಲಿ, ಒಂದು ಕಡೆ ಮರಳು, ಹೀಗೆ. ಸುಮಾರು 700 ಮೀಟರ್. ಅದು ಬೂಟು ಪರೀಕ್ಷೆಯ ದಾರಿ. ಚರ್ಮ ಮುಗಿಯುತ್ತ ಬಂದಾಗ ಅಟ್ಟೆಗೆ ಬದಲಿ ವಸ್ತು ಯಾವುದು ಬಾಳುತ್ತದೆ ಎಂದು ತಿಳಿಯಲು 1940ರಿಂದ ಕೈದಿಗಳನ್ನು ಅದರ ಮೇಲೆ ನಡೆಸಿದರು. ದಿನಕ್ಕೆ ಸುಮಾರು 40 ಕಿಲೋಮೀಟರ್. ಕೆಲವರ ಬೆನ್ನಿಗೆ ಭಾರದ ಚೀಲ. ಅಳತೆಗೆ ಸಲ್ಲದ ಬೂಟು ಸಿಕ್ಕವನೂ ಅಷ್ಟೇ ನಡೆಯಬೇಕು. ಬಿದ್ದವರು ಎಷ್ಟೋ ಮಂದಿ ಏಳಲಿಲ್ಲ.

ನಾನು ಅಲ್ಲಿ ಜಲ್ಲಿಯ ತುಂಡಿನ ಮೇಲೆ ಹತ್ತು ಹೆಜ್ಜೆ ಇಟ್ಟೆ. ನನ್ನ ಕಾಲಲ್ಲಿ ದಪ್ಪ ರಬ್ಬರಿನ ಒಳ್ಳೆಯ ಜೋಡಿತ್ತು. ಅಷ್ಟಕ್ಕೇ ನಿಂತುಬಿಟ್ಟೆ. ನಿಮ್ಮ ಬಡಗಿಯ ಅಟ್ಟೆ ಎಷ್ಟು ದಿನ ಬಾಳಿತು ಎಂಬುದರ ಹಿಂದೆ ಅಂಥದೊಂದು ದಾರಿ ಇದೆ ಎಂದು ಗೊತ್ತಿರಲಿ ಎಂದು ಬರೆದೆ.

ಒಂದಕ್ಕೆ ಮೂವತ್ತೈದು | ಮಂಗಳವಾರ, ರಾತ್ರಿ 8.05

ಓದಿ ಬಹಳ ಹೊತ್ತು ಏನೂ ತೋಚಲಿಲ್ಲ. ಆದರೂ ಒಂದು ಮಾತು. ಮೇಡಂ ಕೇಳಿದ್ದು ಉಡುಪಿನ ವಿವರ. ಹಿಂಬದಿಯ ಈ ಮುದುಕರು ಶಿಬಿರ ನಡೆಸಿದವರಲ್ಲ, ಕೊಟ್ಟದ್ದನ್ನು ತೊಟ್ಟವರು. ಎಲ್ಲ ಪಾಪವನ್ನೂ ಅವರ ಕೋಟಿಗೆ ಹೊಲಿದರೆ ಪಾತ್ರ ಕುಸಿಯುತ್ತದೆ ಎಂದು ನನ್ನ ಅಂಜಿಕೆ.

ಕಪ್ಪುಹಲಗೆ | ಮಂಗಳವಾರ, ರಾತ್ರಿ 8.48

ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಆದರೆ ನೀವೇ ಮೊದಲ ಉತ್ತರದಲ್ಲಿ ಈ ಬೆಟಾಲಿಯನ್‌ಗಳ ಕೆಲಸ ಪಟ್ಟಿ ಮಾಡುವಾಗ ‘ಸೆರೆಯಾಳುಗಳ ಶಿಬಿರ’ ಎಂದಿದ್ದೀರಿ. ಅಲ್ಲಿ ಆದದ್ದನ್ನು ನೋಡೋಣ. ಜರ್ಮನರ ಕೈಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಸತ್ತವರು ಸುಮಾರು 33 ಲಕ್ಷ. ಅದರಲ್ಲೂ ಸುಮಾರು 20 ಲಕ್ಷ ಜನ ಮೊದಲ ಏಳೆಂಟು ತಿಂಗಳಲ್ಲೇ, 1942ರ ಫೆಬ್ರವರಿಯ ಒಳಗೆ, ಹಸಿವು, ಚಳಿ, ರೋಗ, ಗುಂಡಿನಿಂದ ಸತ್ತರು. ಬಯಲಿನಲ್ಲಿ ತಂತಿಬೇಲಿ ಹಾಕಿ ಕೂಡಿಹಾಕಿದ್ದರು. ಅವರ ಫೆಲ್ಟ್ ಬೂಟು, ಕೋಟು, ತುಪ್ಪಳದ ಟೊಪ್ಪಿಗೆಗಳನ್ನು ಬಿಚ್ಚಿಸಿಕೊಂಡದ್ದು ಸಾಮಾನ್ಯ ಸಂಗತಿಯಾಗಿತ್ತು. ತಂತಿಬೇಲಿಯ ಹೊರಗೆ ಬಂದೂಕು ಹಿಡಿದು ನಿಂತವರಲ್ಲಿ ನಮ್ಮ ಬಡಗಿಯಂಥವರೇ ಬಹಳ.

1941ರ ಚಳಿಗಾಲದಲ್ಲಿ ಜರ್ಮನ್ ಸೈನಿಕನೂ ಚಳಿಗೆ ಬಲಿಯಾದ, ನಿಜ. ಮಾಸ್ಕೋ ಹಿಡಿಯುವ ಆತುರದಲ್ಲಿ ರೈಲುಗಳನ್ನು ಮದ್ದುಗುಂಡಿಗೆ, ಇಂಧನಕ್ಕೆ ಮೀಸಲಿಟ್ಟು, ಚಳಿಯ ಬಟ್ಟೆಯನ್ನು ಪೋಲೆಂಡಿನ ಉಗ್ರಾಣಗಳಲ್ಲಿ ಬಿಟ್ಟಿದ್ದರು. ಡಿಸೆಂಬರ್ 20ರಂದು ಪ್ರಚಾರ ಸಚಿವ ಗೊಯೆಬೆಲ್ಸ್ ರೇಡಿಯೋದಲ್ಲಿ ಜನರಿಂದ ಉಣ್ಣೆ, ತುಪ್ಪಳದ ಬಟ್ಟೆ ಬೇಡಿದ. ಆ ಚಳಿಗಾಲಕ್ಕೆ ಆಮೇಲೆ ಕೊಟ್ಟ ಪದಕವನ್ನು ಸೈನಿಕರು ‘ಹೆಪ್ಪುಗಟ್ಟಿದ ಮಾಂಸದ ಪದಕ’ ಎಂದು ಕರೆದರು. ಆ ಕೊರತೆಯೇ ಸೆರೆಯಾಳಿನ ಮೈಮೇಲಿನ ಕೋಟಿನ ಮೇಲೆ ಕಣ್ಣು ಹಾಕಿಸಿತು. ಒಬ್ಬನ ಚಳಿ ಇನ್ನೊಬ್ಬನ ಸಾವಾಯಿತು. ನಾಟಕದ ಪಾತ್ರ ಇದರಿಂದ ಕುಸಿಯುವುದಿಲ್ಲ ಎಂದು ನನಗನ್ನಿಸುತ್ತದೆ. ಅವನ ಕಾಲಿಗೆ ಒಂದು ಜೊತೆ ರಷ್ಯನ್ ಫೆಲ್ಟ್ ಬೂಟು ಕೊಡಿ, ಬೇರೇನೂ ಹೇಳಬೇಡಿ.

ಹಾಸುಹೊಕ್ಕು | ಬುಧವಾರ, ಬೆಳಿಗ್ಗೆ 9.30

ತಡವಾಗಿ ಬಂದೆ. ನಾನು ದಾವಣಗೆರೆಯವನು, ಜವಳಿ ಎಂಜಿನಿಯರ್, ಹನ್ನೊಂದು ವರ್ಷದಿಂದ ಪಾಣಿಪತ್ತಿನಲ್ಲಿದ್ದೇನೆ. ಬಟ್ಟೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜರ್ಮನ್ ಸಮವಸ್ತ್ರದ ಬೂದುಹಸಿರು ‘ಫೆಲ್ಡ್‌ಗ್ರೌ’ ಒಂದೇ ಬಣ್ಣದಲ್ಲಿ ಅದ್ದಿದ ಬಟ್ಟೆಯಲ್ಲ. ಬೇರೆ ಬೇರೆ ಬಣ್ಣದ ಉಣ್ಣೆಯ ಎಳೆಗಳನ್ನು ನೂಲುವ ಮೊದಲೇ ಬೆರೆಸುತ್ತಿದ್ದರು. ಹತ್ತಿರದಿಂದ ನೋಡಿದರೆ ಬಿಳಿ, ಹಸಿರು, ನೀಲಿ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತು ಹೆಜ್ಜೆ ದೂರದಿಂದ ಮಂಜು ಕವಿದ ಹುಲ್ಲಿನ ಬಣ್ಣ. ಆದ್ದರಿಂದ ಹಸಿರು ಬಟ್ಟೆಯ ಥಾನು ತಂದು ಹೊಲಿದರೆ ಎಂದಿಗೂ ಹೊಂದುವುದಿಲ್ಲ.

ಯುದ್ಧಕ್ಕೆ ಮುಂಚೆ ಜರ್ಮನಿಗೆ ಉಣ್ಣೆ ಬರುತ್ತಿದ್ದುದು ಬಹುಪಾಲು ಹೊರಗಿನಿಂದ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅರ್ಜೆಂಟೀನ. ಬ್ರಿಟಿಷರು ಸಮುದ್ರ ಮುಚ್ಚಿದ ಮೇಲೆ ಎರಡು ದಾರಿ ಉಳಿದವು. ಒಂದು, ಮರದ ತಿರುಳಿನಿಂದ ತೆಗೆದ ‘ತ್ಸೆಲ್‌ವೊಲ್ಲೆ’, ಅಂದರೆ ನಾವು ವಿಸ್ಕೋಸ್ ಎನ್ನುವ ಎಳೆ. ಅದು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ನಿಧಾನ ಒಣಗುತ್ತದೆ, ಉಣ್ಣೆಯಂತೆ ಬಿಸಿ ಹಿಡಿದಿಡುವುದಿಲ್ಲ. ಎರಡು, ‘ರೈಸ್‌ವೊಲ್ಲೆ’: ಹಳೆಯ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ, ಹಲ್ಲಿನ ಯಂತ್ರದಲ್ಲಿ ಎಳೆಎಳೆಯಾಗಿ ಕಿತ್ತು, ಮತ್ತೆ ನೂತದ್ದು. ಎಳೆ ಗಿಡ್ಡವಾಗಿರುವುದರಿಂದ ಬಟ್ಟೆ ಬೇಗ ಸವೆಯುತ್ತದೆ, ಮೊಣಕೈಯಲ್ಲಿ ಮೊದಲು ತೆಳುವಾಗುತ್ತದೆ. ವರ್ಷ ಕಳೆದಂತೆ ಇವೆರಡರ ಪಾಲು ಏರಿತು, ಬಣ್ಣ ಹಸಿರಿನಿಂದ ಬೂದಿಗೆ, ಬೂದಿಯಿಂದ ಕಂದಿಗೆ ಜಾರಿತು. ಓವರ್‌ಕೋಟಿನ ಒಳಗೆ ತೊಡುವ ಕೋಟಿನ ಕತ್ತರಿಯೂ ಹಾಗೆಯೇ. ಜೇಬಿನ ಮೇಲಿನ ನೆರಿಗೆ 1942ರಲ್ಲಿ ಹೋಯಿತು, 1943ರಲ್ಲಿ ಜೇಬಿನ ಮುಚ್ಚಳ ನೆಟ್ಟಗಾಯಿತು, 1944ರಲ್ಲಿ ಕೋಟೇ ಸೊಂಟಕ್ಕೆ ನಿಂತಿತು. ಗುಂಡಿ ಮಾತ್ರ ಐದರಿಂದ ಆರಕ್ಕೆ ಏರಿತ್ತು: ಬಟ್ಟೆ ಬಡವಾದ ಮೇಲೆ ಐದು ಗುಂಡಿ ಅದನ್ನು ನೆಟ್ಟಗೆ ಹಿಡಿಯಲಿಲ್ಲ.

ಚರ್ಮದ ಬದಲಿಗೂ ಇಂಥದೇ ಕಥೆ. ಕಾಗದದ ನಾರಿಗೆ ಅಂಟು ಹಾಕಿ ಒತ್ತಿದ ‘ಪ್ರೆಸ್‌ಸ್ಟೋಫ್’. ಚೀಲ, ಪಟ್ಟಿ, ಬಯೊನೆಟ್ ಒರೆಯ ನೇತುಪಟ್ಟಿ ಎಲ್ಲ ಅದರದೇ ಬಂದವು. ನಿಮಗೆ ರಟ್ಟಿನ ಮೇಲೆ ವಾರ್ನಿಶ್ ಬಳಿದರೆ ಅದೇ ನೋಟ ಬರುತ್ತದೆ.

ಈಗ ಹೊಲಿಗೆಗೆ ಬಟ್ಟೆ. ಪಾಣಿಪತ್ತಿನಲ್ಲಿ ಇಂದಿಗೂ ಲೋಕದ ಹಳೆಯ ಸ್ವೆಟರು, ಕೋಟುಗಳನ್ನು ಚಿಂದಿ ಮಾಡಿ ಕಂಬಳಿ ನೇಯುತ್ತಾರೆ. ಪ್ರವಾಹ, ಭೂಕಂಪವಾದಾಗ ಪರಿಹಾರಕ್ಕೆ ಹಂಚುವ ಬೂದು ಕಂಬಳಿಗಳು ಇಲ್ಲಿನವೇ. ಆ ಬಟ್ಟೆ ನಿಮ್ಮ ಬಡಗಿಯ ಕೋಟಿನ ಸೋದರ ಸಂಬಂಧಿ. ಮಾಡುವ ವಿಧಾನ ಅದೇ. ಹಸಿರು ಛಾಯೆಯ ಬೂದು ಕಂಬಳಿ ನಾಲ್ಕು ಕಳುಹಿಸುತ್ತೇನೆ, ಹಣದ ಮಾತು ಬೇಡ. ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಎರಡನೆಯ ಪ್ರದರ್ಶನದ ಹೊತ್ತಿಗೆ ತೋಳು ಮೇಲಕ್ಕೆ ಏರುತ್ತದೆ.

ಸೂಜಿದಾರ | ಬುಧವಾರ, ಬೆಳಿಗ್ಗೆ 10.15

ಸರ್, ಏನು ಹೇಳಲಿ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ.

ಇನ್ನೊಂದು ಸಂಕಟವಿದೆ. ಸ್ವಸ್ತಿಕದ ಗುರುತು ಹಾಕಬೇಕೋ ಬೇಡವೋ ಎಂದು ತಂಡದಲ್ಲಿ ದೊಡ್ಡ ಚರ್ಚೆ ನಡೆಯುತ್ತಿದೆ. ಹಾಕಿದರೆ ಪ್ರೇಕ್ಷಕರು ಅದೊಂದನ್ನೇ ನೋಡುತ್ತಾರೆ. ಹಾಕದಿದ್ದರೆ ಸುಳ್ಳಾಗುತ್ತದೆ.

ಒಂದಕ್ಕೆ ಮೂವತ್ತೈದು | ಬುಧವಾರ, ಮಧ್ಯಾಹ್ನ 12.50

ಇದಕ್ಕೆ ಉಡುಪೇ ಪರಿಹಾರ ಕೊಡುತ್ತದೆ. ಹದ್ದು ಮತ್ತು ಸ್ವಸ್ತಿಕದ ಗುರುತು ಇರುವುದು ಒಳಗಿನ ಕೋಟಿನ ಬಲ ಎದೆಯ ಮೇಲೆ. ಭೂಸೇನೆಯ ಓವರ್‌ಕೋಟಿನ ಎದೆಯ ಮೇಲೆ ಅದು ಇರಲೇ ಇಲ್ಲ. ಟೊಪ್ಪಿಗೆಯ ಮೇಲೆ ಇದೆ. ಆದರೆ ಚಳಿಗೆ ಹೆಣಿಗೆಯ ಕೊಳವೆಯಂಥ ತಲೆಮುಸುಕು ಕೊಡುತ್ತಿದ್ದರು, ಅದನ್ನು ಟೊಪ್ಪಿಗೆಯ ಮೇಲಿನಿಂದ ಎಳೆದುಕೊಂಡರೆ ಮುಚ್ಚುತ್ತದೆ. ಬಕಲ್ ಮೇಲೆಯೂ ಇದೆ, ‘ದೇವರು ನಮ್ಮೊಂದಿಗಿದ್ದಾನೆ’ ಎಂಬ ಬರಹದ ನಡುವೆ. ಅದು ದೂರಕ್ಕೆ ಕಾಣುವುದಿಲ್ಲ. ಹೊರಗೆ ನಿಂತಾಗ ಅವನು ಬರೀ ಚಳಿ ಹಿಡಿದ ಮುದುಕ. ಒಲೆಯ ಬಳಿ ಬಂದು ಓವರ್‌ಕೋಟು ಬಿಚ್ಚಿದಾಗ ಹದ್ದು ಕಾಣಲಿ. ಏನನ್ನೂ ಮುಚ್ಚಿಟ್ಟಂತಾಗುವುದಿಲ್ಲ.

ನಿನ್ನೆಯ ನನ್ನ ಮಾತಿನ ಬಗ್ಗೆಯೂ ಹೇಳಬೇಕು. ಮೇಷ್ಟರು ಬರೆದದ್ದನ್ನು ಓದಿದ ಮೇಲೆ ನನ್ನ ಕಪಾಟಿನಲ್ಲಿರುವ ಕಾವಲು ಸೈನಿಕರ ಗೊಂಬೆಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ಎರಡಕ್ಕೆ ರಷ್ಯನ್ ಫೆಲ್ಟ್ ಬೂಟು ಹಾಕಿದ್ದೇನೆ. ನೋಟಕ್ಕೆ ಚೆನ್ನಾಗಿರುತ್ತದೆ ಎಂದು ಹಾಕಿದ್ದೆ. ಅದು ಯಾರ ಕಾಲಿನದು ಎಂದು ಹದಿನೈದು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೇಷ್ಟರು ಹೇಳಿದ್ದು ಸರಿ.

ಸ್ಪ್ರೇ ದಂಡೆ | ಬುಧವಾರ, ಸಂಜೆ 6.20

ಕೋಟು ಹೊಲಿದವರ ಬಗ್ಗೆ ಎರಡು ಮಾತು. ಜರ್ಮನ್ ಸಮವಸ್ತ್ರ ಎಂದೊಡನೆ ‘ಹ್ಯೂಗೊ ಬಾಸ್ ವಿನ್ಯಾಸ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ತಪ್ಪು. ಮೆಟ್ಸಿಂಗನ್ ಊರಿನ ಅವನ ಕಾರ್ಖಾನೆ ಸಮವಸ್ತ್ರ ಹೊಲಿಯುತ್ತಿದ್ದ ಹಲವು ಕಾರ್ಖಾನೆಗಳಲ್ಲಿ ಒಂದು, ವಿನ್ಯಾಸ ಅದರದಲ್ಲ. ಆದರೆ ಅಲ್ಲಿ 140 ಮಂದಿ ಬಲವಂತದ ಕೂಲಿಯಾಳುಗಳೂ 40 ಫ್ರೆಂಚ್ ಸೆರೆಯಾಳುಗಳೂ ದುಡಿದದ್ದು ಸತ್ಯ. 2011ರಲ್ಲಿ ಆ ಸಂಸ್ಥೆ ಕ್ಷಮೆ ಕೇಳಿತು. ಜನಕ್ಕೆ ವಿನ್ಯಾಸದ ಕಥೆ ನೆನಪಿದೆ, ದುಡಿದ ಹೆಂಗಸರ ಕಥೆ ನೆನಪಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು, ಪೋಲೆಂಡಿನ ವುಡ್ಜ್. ಜವಳಿಗೆ ಹೆಸರಾದ ನಗರ. 1940ರಲ್ಲಿ ಜರ್ಮನರು ಅಲ್ಲಿನ ಯಹೂದಿಗಳನ್ನು ಗೆಟ್ಟೊದಲ್ಲಿ, ಅಂದರೆ ಬೇಲಿ ಹಾಕಿದ ಪ್ರತ್ಯೇಕ ಕೇರಿಯಲ್ಲಿ, ಮುಚ್ಚಿದರು. ದುಡಿದರೆ ಉಳಿಯಬಹುದು ಎಂಬ ಆಸೆಯ ಮೇಲೆ ಗೆಟ್ಟೊ ಪೂರ್ತಿ ಕಾರ್ಖಾನೆಯಾಯಿತು, ಅತಿ ದೊಡ್ಡ ಗಿರಾಕಿ ಜರ್ಮನ್ ಸೇನೆ. ಕೋಟು, ಟೊಪ್ಪಿಗೆ, ಹುಲ್ಲಿನ ಜೋಡು ಎಲ್ಲವೂ ಅಲ್ಲಿಂದ ಹೋದವು. ಹತ್ತು ವರ್ಷದ ಮಕ್ಕಳೂ ಹೊಲಿಗೆ ಶಾಲೆಗಳಲ್ಲಿ ಕೂತಿದ್ದರು. ಜರ್ಮನರ ಗೆಟ್ಟೊ ಆಡಳಿತದ ಲೆಕ್ಕಿಗನೊಬ್ಬ ಈ ಕೆಲಸವನ್ನು ಬಣ್ಣದ ಸ್ಲೈಡುಗಳಲ್ಲಿ ತೆಗೆದಿಟ್ಟಿದ್ದ; 1987ರಲ್ಲಿ ವಿಯೆನ್ನಾದ ಅಂಗಡಿಯೊಂದರಲ್ಲಿ ಅವು ಸಿಕ್ಕವು. ಗೆಟ್ಟೊದ ಒಳಗಿನವನೇ ಆದ ಹೆನ್ರಿಕ್ ರಾಸ್ ಕದ್ದು ತೆಗೆದ ನೆಗೆಟಿವ್‌ಗಳನ್ನು 1944ರಲ್ಲಿ ನೆಲದಲ್ಲಿ ಹೂತು, ಬದುಕುಳಿದು, 1945ರಲ್ಲಿ ಅಗೆದು ತೆಗೆದ. 1944ರ ಆಗಸ್ಟಿನಲ್ಲಿ ಉಳಿದಿದ್ದವರಲ್ಲಿ ಹೆಚ್ಚಿನವರನ್ನು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಆ ಮಕ್ಕಳು ಹೊಲಿದ ಕೋಟು ಆಗಲೂ ಯಾರದೋ ಮೈಮೇಲಿತ್ತು.

ಹಳೆಯ ಉಗ್ರಾಣ | ಗುರುವಾರ, ಬೆಳಿಗ್ಗೆ 5.50

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಉಗ್ರಾಣದ ಲೆಜರಿನಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಕೊಟ್ಟದ್ದಕ್ಕೆ ಪಡೆದವನ ಸಹಿ ಬೇಕು, ಬಂದದ್ದಕ್ಕೆ ಎಲ್ಲಿಂದ ಬಂತೆಂಬ ವೋಚರ್ ಬೇಕು. ವೋಚರ್ ಇಲ್ಲದ ಒಂದು ಕಂಬಳಿ ಹೆಚ್ಚಿಗೆ ಸಿಕ್ಕರೂ ನಮಗೆ ವಿಚಾರಣೆ ಆಗುತ್ತಿತ್ತು. ಕಡಿಮೆಯಾದರೆ ಮಾತ್ರ ತಪ್ಪು ಎಂದು ಹೊರಗಿನವರು ತಿಳಿಯುತ್ತಾರೆ. ಹೆಚ್ಚಾದರೂ ತಪ್ಪೇ: ಅದು ಯಾರದ್ದೋ ಇರಬೇಕು.

ಇಲ್ಲಿಯವರೆಗೆ ನಾವೆಲ್ಲ ಖರ್ಚಿನ ಕಡೆ ಬರೆದೆವು, ಅವನಿಗೆ ಏನು ಕೊಟ್ಟರು ಎಂದು. ಸ್ಪ್ರೇ ದಂಡೆಯವರೂ ಮೇಷ್ಟರೂ ಜಮಾ ಕಡೆ ಬರೆದಿದ್ದಾರೆ. ಬಂದೂಕು ಚೆಕ್ ನಾಡಿನಿಂದ, ಕೋಟು ವುಡ್ಜ್‌ನಿಂದ, ಅಟ್ಟೆ ಆ ದಾರಿಯಿಂದ, ಫೆಲ್ಟ್ ಬೂಟು ತಂತಿಬೇಲಿಯ ಒಳಗಿನಿಂದ. ಮೇಡಂ, ಕೋಟಿನ ಒಳಗಡೆ ಅಸ್ತರಿನ ಮೇಲೆ ಮುದ್ರೆ ಇರುತ್ತಿತ್ತಲ್ಲ, ಅದನ್ನು ತಪ್ಪದೆ ಹಾಕಿ. ಅದರ ವಿವರ ಗೊಂಬೆಗಳ ಸರ್ ಹೇಳಲಿ.

ಒಂದಕ್ಕೆ ಮೂವತ್ತೈದು | ಗುರುವಾರ, ಬೆಳಿಗ್ಗೆ 9.00

ಹೇಳುತ್ತೇನೆ. ಕಪ್ಪು ಶಾಯಿಯಲ್ಲಿ ಐದು ಅಂಕಿ. ಮೇಲೆ ಎಡಕ್ಕೆ ಬೆನ್ನಿನ ಉದ್ದ, ಬಲಕ್ಕೆ ಕತ್ತಿನ ಸುತ್ತಳತೆ. ನಡುವೆ ಎದೆಯ ಸುತ್ತಳತೆ. ಕೆಳಗೆ ಎಡಕ್ಕೆ ಪೂರ್ತಿ ಉದ್ದ, ಬಲಕ್ಕೆ ತೋಳಿನ ಉದ್ದ. ಎಲ್ಲ ಸೆಂಟಿಮೀಟರಿನಲ್ಲಿ. ಪಕ್ಕದಲ್ಲಿ ಉಗ್ರಾಣದ ಅಕ್ಷರ ಮತ್ತು ವರ್ಷ. ‘ಇ 41’ ಎಂದರೆ ಎರ್ಫುರ್ಟ್, 1941. ‘ಬಿ’ ಬರ್ಲಿನ್, ‘ಎಂ’ ಮ್ಯೂನಿಕ್. ನೀವು ಹಸಿರು ಕಾಲರಿನ ಹಳೆಯ ಕೋಟು ಮಾಡುತ್ತಿದ್ದರೆ ‘ಇ 38’ ಹಾಕಿ. ಕೋಟು ಮೊದಲು ಬೇರೊಬ್ಬನದಾದ್ದರಿಂದ ಅಂಕಿಗಳು ನಿಮ್ಮ ಪಾತ್ರಧಾರಿಯ ಅಳತೆಗೆ ಹೊಂದಬಾರದು.

ಹಾಸುಹೊಕ್ಕು | ಗುರುವಾರ, ಬೆಳಿಗ್ಗೆ 9.35

1938ರ ಕೋಟಾದರೆ ಒಂದು ಸೂಕ್ಷ್ಮವಿದೆ. ಅದು ಸವೆದಿದ್ದರೂ ಬಟ್ಟೆ ಒಳ್ಳೆಯದು, ಉಣ್ಣೆ ಹೆಚ್ಚಿನದು. 1942ರಲ್ಲಿ ಹೊಸ ಕೋಟು ಪಡೆದ ಹುಡುಗನಿಗಿಂತ ಇವನೇ ಬೆಚ್ಚಗಿರುವ ಸಾಧ್ಯತೆ ಇದೆ. ಹಾಗಾಗಿ ಕೋಟಿನ ಒಳಭಾಗಕ್ಕೆ ನಾನು ಕಳುಹಿಸುವುದರಲ್ಲಿ ದಪ್ಪನೆಯ ಕಂಬಳಿಯನ್ನೇ ಬಳಸಿ. ತೆಳುವಾದದ್ದನ್ನು ಎರಡನೆಯ ಅಂಕದ ಹುಡುಗ ಸೈನಿಕನಿಗೆ ಇಡಿ.

ಕಪ್ಪುಹಲಗೆ | ಗುರುವಾರ, ಮಧ್ಯಾಹ್ನ 2.10

ಫೆಲ್ಟ್ ಬೂಟು ಕೊಡುವುದಾದರೆ ಹುಲ್ಲಿನ ಜೋಡಿನ ಜೊತೆ ಗೊಂದಲವಾಗಬಾರದು. ಹುಲ್ಲಿನದು ಠಾಣೆಯ ಸಾಮಾನು, ಕಾವಲು ಬದಲಾದಾಗ ಮುಂದಿನವನಿಗೆ ಬಿಟ್ಟು ಹೋಗುವುದು. ಫೆಲ್ಟ್ ಬೂಟು ಅವನದೇ. ಸೋಲ್ಡ್‌ಬುಖ್‌ನಲ್ಲಿ ಅದು ನಮೂದಾಗಿರುವುದಿಲ್ಲ.

ಸೂಜಿದಾರ | ಶುಕ್ರವಾರ, ರಾತ್ರಿ 10.40

ಇವತ್ತು ಎಲ್ಲರೂ ಕೂತು ಈ ಚರ್ಚೆಯನ್ನು ಮೊದಲಿನಿಂದ ಜೋರಾಗಿ ಓದಿದೆವು. ಎರಡನೆಯ ಅಂಕ ಬದಲಾಗಿದೆ. ಘಟಕ ಬದಲಾಗುವ ಮುನ್ನ ಉಗ್ರಾಣದವನು ಬಡಗಿಯ ಪುಸ್ತಕ ತೆರೆದು ಒಂದೊಂದೇ ಸಾಮಾನು ಕೂಗುತ್ತಾನೆ, ಬಡಗಿ ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲಿಡುತ್ತಾನೆ. ಪಟ್ಟಿ ಮುಗಿದ ಮೇಲೂ ಕಾಲಲ್ಲಿ ಬೂಟು ಉಳಿದಿರುತ್ತದೆ. ಉಗ್ರಾಣದವನು ಪುಸ್ತಕ ಮುಚ್ಚುತ್ತಾನೆ. ಮಾತಿಲ್ಲ.

ಚಾಪೆ ಹೆಣೆಯುವ ಅಜ್ಜಿ ಹುಲ್ಲಿನ ಜೋಡಿನ ಚಿತ್ರ ನೋಡಿ ಎಡದ್ದೊಂದನ್ನು ಆಗಲೇ ಮುಗಿಸಿದ್ದಾರೆ. ಉಗ್ರಾಣದ ಸರ್, ಆ ದೃಶ್ಯದಲ್ಲಿ ಸಾಮಾನು ಕೂಗುವ ಧಾಟಿ ಹೇಗಿರಬೇಕು ಎಂದು ನಮ್ಮ ಹುಡುಗನಿಗೆ ಫೋನಿನಲ್ಲಿ ಒಮ್ಮೆ ಹೇಳಿಕೊಡುತ್ತೀರಾ?

ಹಳೆಯ ಉಗ್ರಾಣ | ಶನಿವಾರ, ಬೆಳಿಗ್ಗೆ 5.45

ಫೋನು ಬೇಡ ಮೇಡಂ, ನಾನೇ ಬರುತ್ತೇನೆ. ಹಾವೇರಿಯಿಂದ ಧಾರವಾಡಕ್ಕೆ ಬೆಳಗಿನ ಬಸ್ಸಿದೆ. ಹುಡುಗನಿಗೆ ಒಂದು ಉದ್ದನೆಯ ಮೇಜು, ಒಂದು ಲೆಜರು, ಕಿವಿಗೆ ಸಿಕ್ಕಿಸಲು ಒಂದು ಪೆನ್ಸಿಲು ಸಿದ್ಧವಿಡಿ.